ಕೈ ಸೋಕದ ಆಹಾರ

ಮನೆತನದಲ್ಲಿ ಮೊತ್ತಮೊದಲು ಪದವಿ ಪಡೆದವರಿಗೆ ಒಂದು ವ್ಯಾಧಿ ಅಂಟಿಕೊಳ್ಳುತ್ತದೆ. ಯಾರೂ ಕೇಳದಿದ್ದರೂ ಅವರು ವಿವರಿಸುತ್ತಾರೆ. ವಿವರಿಸಿದ್ದು ತಪ್ಪೆಂದು ತಿಳಿದ ಮೇಲೆ ಅದನ್ನು ಹಿಂತೆಗೆದುಕೊಳ್ಳಲಾರದೆ ಒದ್ದಾಡುತ್ತಾರೆ. ನಮ್ಮ ವಂಶದಲ್ಲಿ ಆ ವ್ಯಾಧಿಗೆ ತುತ್ತಾದ ಪ್ರಥಮ ವ್ಯಕ್ತಿ ನಾನು. ಪಿರಿಯಾಪಟ್ಟಣದ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ರಜಾ ಅರ್ಜಿಯನ್ನೂ ಮೊದಲು ಪೆನ್ಸಿಲಿನಲ್ಲಿ ಬರೆದು ನೋಡುತ್ತೇನೆ.

ಮದುವೆಯಾಗಿ ಹನಗೋಡಿಗೆ ಬಂದ ಹೊಸತರಲ್ಲಿ ಅತ್ತೆ ಹುಣಸೂರಿನ ಸಂತೆಯಿಂದ ಕಡಲೆಪುರಿ, ಖಾರ ತಂದಿದ್ದರು. ನಾನು ನೊಣ, ಧೂಳು, ಸೂಕ್ಷ್ಮಾಣುಜೀವಿಗಳ ಕುರಿತು ಉಪನ್ಯಾಸ ನೀಡಿ, "ಪ್ಯಾಕೆಟ್ಟಿನದಾದರೆ ಯಂತ್ರದಲ್ಲಿ ತಯಾರಾಗುತ್ತದೆ ಅತ್ತೆ, ಮನುಷ್ಯರ ಕೈಯೇ ಸೋಕಿರುವುದಿಲ್ಲ" ಎಂದು ಮುಗಿಸಿದೆ. ಅದೇ ಬಿಸಿಯಲ್ಲಿ, ವಿದ್ಯಾವಂತೆಗೆ ಒಪ್ಪುವಂತಿರಲೆಂದು, ನನಗೆ ಮುದ್ದೆ ಅಷ್ಟಾಗಿ ಸೇರದೆಂದೂ ಹೇಳಿಬಿಟ್ಟೆ. ಡಿಗ್ರಿ ಪರೀಕ್ಷೆಯ ಬೆಳಗ್ಗೆಯೂ ಮುದ್ದೆ ನುಂಗಿಯೇ ಬಸ್ಸು ಹತ್ತಿದವಳೆಂಬುದನ್ನು ಮಾತ್ರ ಹೇಳಲಿಲ್ಲ. ಅತ್ತೆ ಓದಿದವರಲ್ಲ, ಆದರೆ ಕೇಳಿದ್ದನ್ನು ಮರೆಯುವವರೂ ಅಲ್ಲ.

ಮೂರು ವರ್ಷಗಳ ಬಳಿಕ ನಾನು ಗರ್ಭಿಣಿಯಾದೆ. ಬಸುರಿಯ ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತದೆಂಬ ನಂಬಿಕೆ ನಮ್ಮ ಕಡೆ ಇದೆ. ಅತ್ತೆ ನಾನು ಬಯಸುವವರೆಗೂ ಕಾಯಲಿಲ್ಲ. ಪ್ರತಿ ಸಂತೆಗೂ ನೂಡಲ್ಸು, ಚಿಪ್ಸು, ಕ್ರೀಮ್ ಬಿಸ್ಕತ್ತುಗಳು ಚೀಲ ತುಂಬಿ ಬಂದವು. ಅವರು ಚಿತ್ರ ನೋಡಿ ಆರಿಸುತ್ತಿದ್ದರು: ಪ್ಯಾಕೆಟ್ಟಿನ ಮೇಲೆ ದುಂಡುಮುಖದ ಮಗುವಿದ್ದರೆ ಅದು ಶ್ರೇಷ್ಠ. ಬಸುರಿ ದಿನವೂ ನೋಡಿದ ಮುಖವೇ ಕೂಸಿಗೆ ಬರುತ್ತದೆಂದು ಅಂಥದೊಂದು ಬಿಸ್ಕತ್ತಿನ ಹೊದಿಕೆಯನ್ನು ಕತ್ತರಿಸಿ ನನ್ನ ಮಂಚದೆದುರಿನ ಗೋಡೆಗೆ ಅಂಟಿಸಿಯೂ ಬಿಟ್ಟರು.

"ತಿನ್ನವ್ವಾ, ಯಾರ ಕೈನೂ ಸೋಕಿಲ್ಲ ಕಣ" ಎನ್ನುತ್ತಿದ್ದರು. ನನ್ನ ಮಾತನ್ನೇ ನನಗೆ ಉಣಿಸುವಾಗ ಬೇಡವೆನ್ನುವುದು ಹೇಗೆ? ಪಕ್ಕದಲ್ಲಿ ಅವರು ಬಸ್ಸಾರಿಗೆ ಮುದ್ದೆ ಅದ್ದುತ್ತಿದ್ದರೆ ನಾನು ಘನತೆಯಿಂದ ನೂಡಲ್ಸು ಎಳೆಯುತ್ತಿದ್ದೆ. ರುಚಿಯಾಗಿಯೂ ಇತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಏಳನೆಯ ತಿಂಗಳ ತಪಾಸಣೆಯಲ್ಲಿ ನರ್ಸ್ ನನ್ನ ಪಾದವನ್ನು ಬೆರಳಿನಿಂದ ಒತ್ತಿದರು. ಗುಳಿ ಹಾಗೆಯೇ ಉಳಿಯಿತು. ರಕ್ತದೊತ್ತಡ ಏರಿತ್ತು, ರಕ್ತ ಕಡಿಮೆಯಿತ್ತು, ಕೂಸು ತಿಂಗಳಿಗೆ ತಕ್ಕಷ್ಟು ಬೆಳೆದಿರಲಿಲ್ಲ. ಏನು ತಿನ್ನುತ್ತೀರೆಂದು ಕೇಳಿದಾಗ, ಮೌಖಿಕ ಪರೀಕ್ಷೆಯಲ್ಲಿ ಉತ್ತರಿಸುವಂತೆ, ಒಂದನ್ನೂ ಬಿಡದೆ ಒಪ್ಪಿಸಿದೆ.

"ದಿನಾ ಇದೇನಾ ಮೇಡಂ? ಬಿಪಿಗೆ ಇದೊಂದೇ ಕಾರಣ ಅಂತಲ್ಲ. ಆದ್ರೆ ಇದ್ರಲ್ಲಿರೋದು ಉಪ್ಪು, ಸಕ್ಕರೆ, ಎಣ್ಣೆ, ಮೈದಾ. ನಿಮ್ಮ ಹೊಟ್ಟೆ ತುಂಬುತ್ತೆ, ಕೂಸಿಗೆ ಬೇಕಾದ್ದು ಸಿಗಲ್ಲ. ಮಾತ್ರೆ ತಪ್ಪಿಸ್ಬೇಡಿ, ವಾರ ವಾರ ಬನ್ನಿ. ಓದಿದೋರೇ ಹಿಂಗೆ ಮಾಡಿದ್ರೆ..."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಟ್ಟೆಯ ಮೇಲೆ ಕೈಯಿಟ್ಟು, ಕೂಸು ಒದೆಯುತ್ತದೆಯೇ ಎಂದು ಕಾಯುತ್ತ ಬಂದೆ. ಮನೆಗೆ ಬಂದು ಅತ್ತೆಯ ಮುಂದೆ "ಸಂಸ್ಕರಿತ ಆಹಾರದ ದುಷ್ಪರಿಣಾಮಗಳು" ಎಂದು ಆರಂಭಿಸಿದೆ.

"ಅಂಗಂದ್ರೇನವ್ವಾ?"

ನನಗೆ ಅಳು ಬಂತು. "ಅವತ್ತು ನಾನು ಹೇಳಿದ್ದು ತಪ್ಪು ಅತ್ತೆ. ಕೂಸು ಸರಿಯಾಗಿ ಬೆಳೆದಿಲ್ವಂತೆ."

ಅತ್ತೆಯ ಮುಖ ಕಳೆಗುಂದಿತು. "ಅಯ್ಯೋ, ನಾನೇ ತಂದಾಕಿ ಕೇಡು ಮಾಡ್ಬುಟ್ನಾ?"

"ನೀವಲ್ಲ, ನಾನು. ನನಗೆ ಮುದ್ದೆ ಅಂದ್ರೆ ಪ್ರಾಣ ಅತ್ತೆ."

ಅವರು ನನ್ನನ್ನೇ ದಿಟ್ಟಿಸಿದರು. "ಥೂ ನಿನ್ನ! ಇದ್ನ ಬಾಯ್ಬುಟ್ಟು ಯೋಳಕ್ಕೆ ಮೂರು ವರ್ಸ ಬೇಕಾಯ್ತಾ? ಅಷ್ಟುದ್ದ ಓದಿ ಇಷ್ಟು ಮಾತು ಕಲೀಲಿಲ್ವಲ್ಲೇ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ನುಗ್ಗೆಸೊಪ್ಪು ಬಿಡಿಸಲು ಕುಳಿತರು. ಅಂದಿನಿಂದ ಸೊಪ್ಪು, ಹುರುಳಿಕಾಳು, ಮೊಟ್ಟೆ, ಮುದ್ದೆ. ಸಾರಿಗೆ ಉಪ್ಪು ಹಾಕುವ ಮುನ್ನ ಅವರ ಕೈ ಎರಡು ಸಲ ಯೋಚಿಸುತ್ತಿತ್ತು. ನಾನು ಮಾತ್ರೆ ನುಂಗುತ್ತ, ವಾರ ವಾರವೂ ತೂಕದ ಯಂತ್ರದ ಮೇಲೆ ಅಪರಾಧಿಯಂತೆ ನಿಲ್ಲುತ್ತ ದಿನ ತಳ್ಳಿದೆ.

ಹೆರಿಗೆಯಾಯಿತು. ಅದೇ ನರ್ಸ್ ಮಗಳನ್ನು ತೂಗಿ, "ಪರವಾಗಿಲ್ಲ, ಒಳ್ಳೇ ತೂಕ ಇದೆ. ಏನು ತಿನ್ಸಿದ್ರಿ ಅಜ್ಜಿ?" ಎಂದು ಕೇಳಿದರು.

"ನಂಗೇನವ್ವಾ ಗೊತ್ತು, ಎಬ್ಬೆಟ್ಟು! ನಮ್ಮ ಸೊಸೆ ಓದವ್ಳೆ. ಪ್ಯಾಕೀಟು ತರ್ಬ್ಯಾಡಿ, ಸೊಪ್ಪು ಕಾಳು ಮಾಡಿಕ್ಕಿ ಅಂತ ಅವ್ಳೇ ಯೋಳಿದ್ದು ಕಣ" ಎಂದರು ಅತ್ತೆ, ಎದೆಯುಬ್ಬಿಸಿ.

ನರ್ಸ್ ನನ್ನತ್ತ ತಿರುಗಿದರು. ಮಕ್ಕಳ ಉತ್ತರಪತ್ರಿಕೆಯಲ್ಲಿ ಅಲ್ಪವಿರಾಮವೊಂದು ತಪ್ಪಿದರೂ ಕೆಂಪು ಶಾಯಿ ಹಿಡಿಯುವವಳು ನಾನು. ಅಂದು ಮಾತ್ರ ಏನನ್ನೂ ತಿದ್ದಲು ಹೋಗದೆ, ಮಗಳ ಮುಖವನ್ನು ಅತ್ಯಂತ ಶ್ರದ್ಧೆಯಿಂದ ನೋಡತೊಡಗಿದೆ.