ಮಗಳಿಗೆಂದು ತೆಗೆದಿಟ್ಟ ಸೀರೆ

ಅಂದಾನೆಪ್ಪ: ನಿನ್ನ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಹೇಳ್ತೀಯೋ, ಇಲ್ಲಾ ನಾಳಿಂದ ಮನ್ಯಾಗ ಕುಂದರ್ತೀಯೋ?

ಗುಲಫಶಾ: ಹೇಳೂದಿಲ್ರಿ ಸಾವಕಾರ್ರ.

ಬೈಲಹೊಂಗಲದ ಬಜಾರದಲ್ಲಿ ಸೀರೆ ಅಂಗಡಿ ಇಟ್ಟಿರುವ ಅಂದಾನೆಪ್ಪನವರು ಗಾದಿಯ ಮೇಲೆ ಕೂತೇ ಕೈ ಚಾಚಿದ್ದರು. ಗಿರಾಕಿಗಳು ಬಿಚ್ಚಿಸಿ, ಮೂಗು ಮುರಿದು ಬಿಟ್ಟುಹೋದ ಸೀರೆಗಳ ರಾಶಿಯ ನಡುವೆ, ಅಂಗಡಿಯ ಕೆಲಸದ ಹುಡುಗಿ ಗುಲಫಶಾ ಮೊಬೈಲನ್ನು ದುಪಟ್ಟಾದಲ್ಲಿ ಸುತ್ತಿ ಹಿಡಿದು ನಿಂತಿದ್ದಳು. ಹಳೆಯ ಕೆಲಸಗಾರ ಶಟ್ಟೆಪ್ಪ ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದ. ಕೂತು ಜಗಳ ನೋಡಲು ಅದಕ್ಕಿಂತ ಒಳ್ಳೆಯ ನೆವ ಇರಲಿಲ್ಲ.

ಅಂದಾನೆಪ್ಪ: ಹೇಳೂದಿಲ್ಲ ಅಂದ್ರ? ದಿನಾ ಅದರಾಗ ಯಾರ ಸೀರಿ ಫೋಟೋ ಹಾಕ್ತಿ?

ಗುಲಫಶಾ: ನೀವ ಹಾಕು ಅಂತೀರಿ, ಹಾಕ್ತೇನಿ. ಹೊಸಾ ಮಾಲು ಬಂದಕೂಡ್ಲೇ ‘ಎಲ್ಲಾರೂ ನಿಮ್ಮ ನಿಮ್ಮ ಮೊಬೈಲ್ನಾಗ ಹಾಕ್ರಿ’ ಅಂತ ಹೇಳಾವ್ರು ಯಾರ್ರಿ?

ಅಂದಾನೆಪ್ಪ: ಹೌದಲ್ಲ? ಸೀರಿ ನಂದು. ಅಂದಮ್ಯಾಲ ಅಕೌಂಟೂ ನಂದು.

ಗುಲಫಶಾ: ಊರ ತುಂಬಾ ನಿಮ್ಮ ಸೀರಿ ಉಟ್ಟಾವ್ರ ಅದಾರ. ಅವರ ಮನಿ ಕೀಲಿನೂ ಇಸಕೋತೀರೇನ್ರಿ?

ಶಟ್ಟೆಪ್ಪ: ಅದೂ ಖರೇನ ಬಿಡ್ರಿ.

ಅಂದಾನೆಪ್ಪ: ನೀ ಸೀರಿ ಮಡಚು! (ಗುಲಫಶಾಳಿಗೆ) ನನಗ ಎಲ್ಲಾ ಗೊತ್ತೈತಿ. ನೀ ನನ್ನಂಗ ಮಾತಾಡಿ ವಿಡಿಯೋ ಮಾಡೀದಿ. ಕಣ್ಣಾಗ ನೀರ ತಂದಕೊಂಡು, ‘ತಂಗಿ, ಈ ಸೀರಿ ನನ್ನ ಮಗಳಿಗಂತ ತಗದ ಇಟ್ಟಿದ್ದೆ, ನಿನ್ನ ಮಾರಿ ನೋಡಿ ಕೊಡಾಕ ಹತ್ತೇನಿ’ ಅಂತ!

ಗುಲಫಶಾ ಮೊಬೈಲಿಗೆ ದುಪಟ್ಟಾವನ್ನು ಇನ್ನೊಂದು ಸುತ್ತು ಸುತ್ತಿದಳು. ಅಂದಾನೆಪ್ಪನವರಿಗೆ ಇರುವವರು ಇಬ್ಬರೂ ಗಂಡುಮಕ್ಕಳು. ಮಗಳೆಂಬುವವಳು ಈ ಅಂಗಡಿಯಲ್ಲಿ, ಅದೂ ಗಿರಾಕಿ ಎದ್ದು ಹೊರಟಾಗ ಮಾತ್ರ ಹುಟ್ಟುತ್ತಿದ್ದಳು.

ಗುಲಫಶಾ: ಆ ಮಾತು ನೀವು ಆಡೂದಿಲ್ಲೇನ್ರಿ?

ಅಂದಾನೆಪ್ಪ: ಆಡ್ತೇನಿ! ನಾ ಆಡಿದ್ರ ಅದು ವ್ಯಾಪಾರ. ನೀ ಆಡಿದ್ರ ನನ್ನ ಮರ್ಯಾದಿ ಹೋಗತೈತಿ. ಪಾಸ್‌ವರ್ಡ್ ಕೊಡು, ನಾನ ಅಳಿಸ್ತೇನಿ.

ಗುಲಫಶಾ: ತಪ್ಪಾತ್ರಿ. ವಿಡಿಯೋ ನಾನ ಅಳಿಸ್ತೇನಿ. ಪಾಸ್‌ವರ್ಡ್ ಮಾತ್ರ ಕೊಡೂದಿಲ್ಲ.

ಅಂದಾನೆಪ್ಪ: ಅಂಥಾದ್ದೇನ ಮುಚ್ಚಿಟ್ಟಿ? ಕಳವಿನ ಮಾಲೈತೇನ?

ಗುಲಫಶಾ: ನಮ್ಮಕ್ಕ ಫರೀನ್ ಗಂಡನ ಮನಿಯಿಂದ ಅತಗೋತ ಕಳಿಸಿದ ಮೆಸೇಜ್ ಅದಾವ್ರಿ ಅದರಾಗ. ನಮ್ಮ ಅಮ್ಮಾಗೂ ತೋರ್ಸಿಲ್ಲ. ನಿಮಗ ಓದಾಕ ಕೊಡ್ಲೇನ್ರಿ? ಸೀರಿ ಮಾರಾಕ ಪಗಾರ ತಗೋತೇನಿ. ನಮ್ಮಕ್ಕನ ಕಣ್ಣೀರ ತೋರ್ಸಾಕ ಅಲ್ಲ. ನೌಕರಿ ಹೋದ್ರ ಹೋಗ್ಲಿ.

ಅವಳ ಮನೆ ನಡೆಯುತ್ತಿದ್ದುದೇ ಈ ನೌಕರಿಯಿಂದ. ಅಂದಾನೆಪ್ಪನವರಿಗೂ ಒಳಗೊಳಗೇ ಕಸಿವಿಸಿಯಾಯಿತು. ಆದರೆ ಸಾವಕಾರಿಕೆ ಅಷ್ಟು ಬೇಗ ಗಾದಿಯಿಂದ ಕೆಳಗಿಳಿಯುವುದಿಲ್ಲ.

ಅಂದಾನೆಪ್ಪ: ಅದೆಲ್ಲಾ ನನಗ ಬ್ಯಾಡ. ನನ್ನ ನೋಡು. ನನ್ನ ಮೊಬೈಲ್ನಾಗ ಮುಚ್ಚಿಡೂವಂಥಾದ್ದು ಒಂದಾರ ಐತೇನ?

ಗುಲಫಶಾ: ಅದಿರ್ಲಿ ಸಾವಕಾರ್ರ. ನನ್ನ ಅಕೌಂಟು ಲಾಕ್ ಐತಿ. ನಾ ಒಳಗ ಬಿಟ್ಟಾವ್ರಿಗೆ ಅಷ್ಟ ಕಾಣತೈತಿ. ವಿಡಿಯೋದ ಸುದ್ದಿ ನಿಮಗ ಹೇಳಿದಾವ್ರ ಯಾರು?

ಅಂದಾನೆಪ್ಪ: ಯಾರೂ ಹೇಳಿಲ್ಲ. ಹಂಗ... ಗೊತ್ತಾತು.

ಗುಲಫಶಾ: ಈ ಅಂಗಡ್ಯಾಗ ಅದನ್ನ ನೋಡಿದಾವ್ರು ಒಬ್ಬರ ಅದಾರ. (ತಿರುಗಿ) ಶಟ್ಟೆಪ್ಪ ಕಾಕಾ!

ಶಟ್ಟೆಪ್ಪನ ಕೈಯಿಂದ ಸೀರೆ ಜಾರಿತು.

ಶಟ್ಟೆಪ್ಪ: ಎಲ್ಲಮ್ಮನ ಆಣಿ ಐತಿ ಯವ್ವಾ, ಸಾವಕಾರ್ರಿಗೆ ನಾ ಹೇಳಿಲ್ಲ!

ಗುಲಫಶಾ: ಬ್ಯಾರೆ ಯಾರಿಗರೆ ಹೇಳೀರೇನು?

ಶಟ್ಟೆಪ್ಪ: ಯಾರಿಗೂ ಇಲ್ಲ. ಒಬ್ಬಾಕಿಗೆ ಅಷ್ಟ.

ಐವತ್ತು ಹತ್ತಿರ ಬಂದರೂ ಮದುವೆಯಾಗದ ಶಟ್ಟೆಪ್ಪನ ಕಿವಿ ಎರಡೂ ಕೆಂಪಾದವು.

ಶಟ್ಟೆಪ್ಪ: ಶೀತಲ ಅಂತ. ರಾಮದುರ್ಗದಾಕಿ. ಇನ್‌ಸ್ಟಾದಾಗ ತಾನ ಬಂದು ಗುರ್ತಾ ಮಾಡಿಕೊಂಡ್ಳು. ಮಾರಿ ತೋರ್ಸಿಲ್ಲ, ಮಲ್ಲಿಗಿ ಹೂವಿನ ಫೋಟೋ ಇಟ್ಟಾಳ. ದಿನಾ ‘ಊಟಾತೇನ್ರಿ?’ ಅಂತ ಕೇಳ್ತಾಳ. ನನಗ ಊಟಾತೇನು ಅಂತ ಕೇಳಾವ್ರು ಬ್ಯಾರೆ ಯಾರದಾರ ಯವ್ವಾ?

ಅಂದಾನೆಪ್ಪ: (ಅವಸರದಿಂದ) ಆತು ಬಿಡ್ರಿ, ಆಗಿದ್ದು ಆತು. ಚಾ ತರಸೂಣು.

ಗುಲಫಶಾ: ಊಟಾದಮ್ಯಾಲ ಏನ ಕೇಳ್ತಾಳ್ರಿ ಕಾಕಾ?

ಶಟ್ಟೆಪ್ಪ: ಅಂಗಡಿ ಸುದ್ದಿ. ಯಾರು ತಡಾ ಮಾಡಿ ಬಂದ್ರು, ಯಾರು ಸಾವಕಾರ್ರಿಗೆ ಬೈದ್ರು, ಅಂತ. ನನ್ನ ನೌಕರಿ ಬಗ್ಗೆ ಭಾಳ ಕಾಳಜಿ ಅಕಿಗೆ.

ಅಂದಾನೆಪ್ಪ: ಶಟ್ಟೆಪ್ಪ, ಒಳಗ ಹೋಗಿ ಧೂಳ ಝಾಡಿಸು!

ಶಟ್ಟೆಪ್ಪ: ತಡೀರಿ ಸಾವಕಾರ್ರ, ಅಕಿನ್ನ ಕೇಳೇಬಿಡ್ತೇನಿ. ಈ ಹುಡುಗಿ ನೌಕರಿ ಕಳದ ಪಾಪ ನನಗ ಬ್ಯಾಡ.

‘ಶೀತಲ ಅವರೇ, ಆ ವಿಡಿಯೋ ಮಾತು ಯಾರಿಗೆ ಹೇಳಿದ್ರಿ?’ ಎಂದು ಒಂದೊಂದೇ ಅಕ್ಷರ ಒತ್ತಿ ಕಳಿಸಿದ. ಅಂದಾನೆಪ್ಪನವರ ಅಂಗಿಯ ಕಿಸೆಯಲ್ಲಿ ಟಿಂಗ್ ಎಂದಿತು.

ಶಟ್ಟೆಪ್ಪ: ನಿಮಗ್ಯಾರೋ ಮೆಸೇಜ್ ಮಾಡ್ಯಾರ್ರಿ.

ಅಂದಾನೆಪ್ಪ: ಮಾಡ್ಲಿ. ಆಮ್ಯಾಲ ನೋಡ್ತೇನಿ.

ಗುಲಫಶಾ: ಕಾಕಾ, ಇನ್ನೊಂದ ಕಳಸ್ರಿ.

ಟಿಂಗ್.

ಗುಲಫಶಾ: ಮತ್ತೊಂದು.

ಟಿಂಗ್. ಅಂದಾನೆಪ್ಪನವರು ಎದೆನೋವು ಬಂದವರಂತೆ ಕಿಸೆಯನ್ನು ಒತ್ತಿ ಹಿಡಿದರು. ಶಟ್ಟೆಪ್ಪ ತನ್ನ ಮೊಬೈಲ್ ನೋಡಿದ, ಆ ಕಿಸೆ ನೋಡಿದ, ಸಾವಕಾರರ ದಪ್ಪ ಮೀಸೆ ನೋಡಿದ. ಅವನಿಗೆ ತಿಳಿಯಲು ಹೊತ್ತು ಹಿಡಿಯಿತು. ತಿಳಿಯದಿದ್ದರೇ ಒಳ್ಳೆಯದಿತ್ತು ಎಂದು ಅವನ ಮುಖವೇ ಹೇಳುತ್ತಿತ್ತು.

ಶಟ್ಟೆಪ್ಪ: ಸಾವಕಾರ್ರ... ರವಿವಾರ ತೊರಗಲ್ ಕೋಟಿ ನೋಡಾಕ ಬರತೇನಿ ಅಂದಿದ್ರೆಲ್ರಿ?

ಅಂದಾನೆಪ್ಪ: ಏ, ಆ ಅಕೌಂಟು ಬ್ಯಾರೆ ಅಂಗಡ್ಯಾರ ರೇಟ್ ನೋಡಾಕಂತ ಮಾಡಿದ್ದೋ ಮಾರಾಯಾ. ಮಾತಿಗೆ ಮಾತು ನೀನ ಬೆಳಿಸಿದಿ.

ಶಟ್ಟೆಪ್ಪ: ಹೊಸಾ ಅಂಗಿ ಹೊಲ್ಯಾಕ ಹಾಕೇನ್ರಿ!

ಅಂದಾನೆಪ್ಪ: ಹೊಲಿಗಿ ರೊಕ್ಕಾ ನಾ ಕೊಡ್ತೇನಿ.

ಶಟ್ಟೆಪ್ಪ: ಹೊಲಿಗಿ ಕೊಡ್ತೀರಿ. ಇನ್ನ ಊಟಾತೇನು ಅಂತ ಯಾರ ಕೇಳ್ತಾರ್ರಿ?

ಯಾರೂ ನಗಲಿಲ್ಲ. ಗುಲಫಶಾಳಿಗೆ ಕಾಕಾನ ಮೇಲಿದ್ದ ಸಿಟ್ಟು ಇಳಿದುಹೋಯಿತು. ಅದನ್ನೂ ಸೇರಿಸಿ ಸಾವಕಾರರ ಕಡೆ ತಿರುಗಿಸಿದಳು.

ಗುಲಫಶಾ: ಮುಚ್ಚಿಡೂವಂಥಾದ್ದು ಒಂದೂ ಇಲ್ಲ ಅಂದ್ರೆಲ್ರಿ? ನಿಮ್ಮ ಪಾಸ್‌ವರ್ಡ್ ಹೇಳ್ರಿ, ನಂದೂ ಹೇಳ್ತೇನಿ. ಸಾಕ್ಷಿಗೆ ನಿಮ್ಮ ಮನಿಯಾವ್ರು ಸುಂದರವ್ವಾರ್ನ ಕರೀಲೇನ್ರಿ?

ಅಂದಾನೆಪ್ಪ: (ಕೈ ಮುಗಿದು) ನಿನ್ನ ಮೊಬೈಲ್ ನಿನ್ನ ಕಡೆನ ಇರ್ಲಿ ತಾಯಿ. ನಾಳೆ ಟೈಮಿಗೆ ಬಾ.

ಅಷ್ಟರಲ್ಲಿ ಉಗರಗೋಳದ ಹೆಣ್ಣುಮಗಳೊಬ್ಬಳು ಒಳಬಂದಳು. ಹಸಿರು ಸೀರೆಯೊಂದನ್ನು ಮುಟ್ಟಿ ನೋಡಿ, ದರ ಕೇಳಿ, ಬಾಗಿಲ ಕಡೆ ತಿರುಗಿದಳು. ಅಂದಾನೆಪ್ಪನವರ ಬಾಯಿ ರೂಢಿಯಂತೆ ತಾನಾಗಿಯೇ ತೆರೆಯಿತು.

ಅಂದಾನೆಪ್ಪ: ಹಂಗ ಹೋಗಬ್ಯಾಡ ತಂಗಿ. ಆ ಸೀರಿ ನನ್ನ ಮಗಳಿಗಂತ ತಗದ ಇಟ್ಟಿದ್ದೆ...

ಹೆಣ್ಣುಮಗಳು: ನಿಮಗ ಮಗಳದಾಳೇನ್ರಿ?

ಅಂದಾನೆಪ್ಪನವರು ಗುಲಫಶಾಳನ್ನು ನೋಡಿದರು. ಅವಳು ನಗು ತಡೆಯಲು ತುಟಿ ಕಚ್ಚಿ ಹಿಡಿದಿದ್ದಳು. ಉತ್ತರ ಕೊಟ್ಟವನು ಶಟ್ಟೆಪ್ಪ.

ಶಟ್ಟೆಪ್ಪ: ಅದಾಳ್ರಿ ಯಕ್ಕಾ. ಶೀತಲ ಅಂತ. ಭಾಳ ಚಂದ ಮಾತಾಡ್ತಾಳ. ಮೀಸಿ ಅಷ್ಟ ಅಪ್ಪನಂಗ ಬಂದಾವು.