ಮುನ್ನೂರೈವತ್ತು ರೂಪಾಯಿಯ ಅರಿವೆ

ತಮ್ಮ ಕೈ ಎಷ್ಟು ಹೊಲಸು ಎಂದು ತಿಳಿದುಕೊಳ್ಳಲು ನಮ್ಮ ಹಿರಿಯರಿಗೆ ಯಾವ ಸಾಧನವೂ ಇರಲಿಲ್ಲ. ಹಾಗಾಗಿ ಅವರು ನೆಮ್ಮದಿಯಿಂದ ಬದುಕಿ ಹೋದರು. ಕನ್ನಡಿ ಇತ್ತು ನಿಜ, ಆದರೆ ಅದು ಮುಖವನ್ನಷ್ಟೇ ತೋರಿಸುತ್ತಿತ್ತು, ಅದೂ ನಾವಾಗಿ ಎದುರು ನಿಂತರೆ. ಈಗ ಪ್ರತಿಯೊಬ್ಬರ ಕಿಸೆಯಲ್ಲೂ ಒಂದು ಕರಿ ಗಾಜಿದೆ. ಬೆಳಗಿನಿಂದ ನಾವು ಮುಟ್ಟಿದ್ದು, ತಿಂದದ್ದು, ಕೆರೆದುಕೊಂಡದ್ದು ಎಲ್ಲವನ್ನೂ ಬೆರಳಚ್ಚಿನ ಸಮೇತ ದಾಖಲು ಮಾಡಿಕೊಂಡು, ಬಿಸಿಲಿಗೆ ಹಿಡಿದ ಕೂಡಲೇ ಊರಿಗೆಲ್ಲ ತೋರಿಸುತ್ತದೆ. ಅಂಗಿಯ ತುದಿಯಿಂದ ಒರೆಸಿದರೆ ಅಂಗಿಯ ಬೆವರು ಅಂಟುತ್ತದೆ. ಕಿಸೆಯ ದಸ್ತಿಯಿಂದ ಒರೆಸಿದರೆ ದಸ್ತಿಯಲ್ಲಿದ್ದ ಅಡಿಕೆಪುಡಿ ಗಾಜಿಗೆ ಬರುತ್ತದೆ. ಒರೆಸುವುದೆಂದರೆ ಹೊಲಸನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ವರ್ಗಾವಣೆ ಮಾಡುವುದು ಎಂಬ ತೀರ್ಮಾನಕ್ಕೆ ನಾನು ಬಂದು ಬಹಳ ದಿನವಾಯಿತು. ಸುಸ್ತಾಗಿದೆ. ಆದರೂ ಒರೆಸುತ್ತಲೇ ಇದ್ದೇನೆ.

ಈ ವಿಷಯದಲ್ಲಿ ಮಾತಾಡಲು ನನಗೊಂದು ಅಧಿಕಾರವಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಸುರಪುರದ ಒಂದು ಕಚೇರಿಯ ಕಡತದ ಕೋಣೆಯಲ್ಲಿ ನಾನು ಮೂವತ್ತೊಂದು ವರ್ಷದಿಂದ ಕುಳಿತವನು. ನಿಜಾಮರ ಕಾಲದ ಉರ್ದು ಕಾಗದದ ಮೇಲಿನ ಧೂಳಿಗೂ ಮೊನ್ನೆ ಬಂದ ಸುತ್ತೋಲೆಯ ಮೇಲಿನ ಧೂಳಿಗೂ ಇರುವ ವ್ಯತ್ಯಾಸವನ್ನು ಮೂಗಿನಿಂದಲೇ ಹೇಳಬಲ್ಲೆ. ಧೂಳಿನ ಬಗ್ಗೆ ಈ ತಾಲೂಕಿನಲ್ಲಿ ನನ್ನ ಮಾತೇ ಕೊನೆಯದು ಎಂದು ನಂಬಿದ್ದೆ. ಯಾರೂ ನನ್ನನ್ನು ಕೇಳದೆ ಇದ್ದುದರಿಂದ ಆ ನಂಬಿಕೆಗೆ ಧಕ್ಕೆ ಬಂದಿರಲಿಲ್ಲ.

ಧಕ್ಕೆ ಬಂದದ್ದು ಮನೆಯಲ್ಲಿ. ನನ್ನ ಹೆಂಡತಿ ಮಹಾದೇವಿಗೆ ಒಬ್ಬರೇ ಅಕ್ಕ, ನೀಲಮ್ಮ, ಹುಣಸಗಿಯಲ್ಲಿದ್ದಾರೆ. ದಿನಾ ಬೆಳಿಗ್ಗೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತಿಗೆ ಸರಿಯಾಗಿ ಅಕ್ಕನ ಫೋನು ಬರುತ್ತದೆ, ಏಕೆಂದರೆ ಅಲ್ಲಿಯೂ ಅದೇ ಹೊತ್ತಿಗೆ ರೊಟ್ಟಿ ಬಡಿಯುತ್ತಾರೆ. ಮಹಾದೇವಿ ಜೋಳದ ಹಿಟ್ಟು ಮೆತ್ತಿದ ಕಿರುಬೆರಳನ್ನು ಗಾಜಿನ ಮೇಲೆ ಎಳೆದು, ಸ್ಪೀಕರಿನ ಜೋರು ದನಿಗೆ ಹಾಕಿ, ಉಪ್ಪಿನ ಡಬ್ಬಿಗೆ ಒರಗಿಸಿಡುತ್ತಾಳೆ. ಅಲ್ಲಿಂದ ಮುಂದೆ ನಾಲ್ಕು ಕೈಗಳ ಬಡಿತದ ನಡುವೆ ಎರಡು ಊರಿನ ಸಮಾಚಾರ ವಿನಿಮಯವಾಗುತ್ತದೆ. ನಾಷ್ಟಾ ಮುಗಿಯುವ ಹೊತ್ತಿಗೆ ಆ ಫೋನನ್ನು ನೋಡಿದರೆ ಯಾರೋ ಅದನ್ನೂ ತಟ್ಟಿ ಹಂಚಿಗೆ ಹಾಕಲು ಸಿದ್ಧ ಮಾಡಿದಂತೆ ಕಾಣುತ್ತಿತ್ತು. ಮೇಲೆ ಅಂಟಿಸಿದ್ದ ರಕ್ಷಣೆಯ ಗಾಜು ಒಡೆದು ಕಿತ್ತು ಬಿಸಾಡಿ ಆರು ತಿಂಗಳಾಗಿತ್ತು. ಅವಳು ಸೆರಗಿನಿಂದ ಒಂದು ಸಲ ತಿಕ್ಕಿ ಆ ವಿಷಯವನ್ನು ಮರೆಯುತ್ತಿದ್ದಳು. ನನಗೆ ಮರೆಯಲು ಆಗುತ್ತಿರಲಿಲ್ಲ.

ಒಂದು ಸೋಮವಾರ, ಅವಳು ಗುಡಿಗೆ ಹೋಗಿದ್ದಾಗ, ಆ ಫೋನನ್ನು ಕೈಗೆತ್ತಿಕೊಂಡೆ. ಆಗ ನನಗೆ ನಮ್ಮ ಅಜ್ಜಿ ನೆನಪಾದಳು. ಬಳಿಚಕ್ರದ ನಮ್ಮ ಹಳೆಯ ಮನೆಯಲ್ಲಿ ದಿನಾ ಸಂಜೆ ಕಂದೀಲಿನ ಗಾಜು ತಿಕ್ಕುವ ಕೆಲಸ ನನ್ನದಾಗಿತ್ತು. ಒಲೆಯ ಬೂದಿಯನ್ನು ನುಣ್ಣಗೆ ಜರಡಿ ಹಿಡಿದು, ಒದ್ದೆ ಅರಿವೆಗೆ ಹಚ್ಚಿ, ದುಂಡಗೆ ತಿಕ್ಕಬೇಕು. ಮಸಿಯೆಲ್ಲ ಹೋಗಿ ಗಾಜು ಇದೆಯೋ ಇಲ್ಲವೋ ಎನ್ನುವಂತೆ ಆಗಬೇಕು. ಆಗದಿದ್ದರೆ ಅಜ್ಜಿ ಊಟಕ್ಕೆ ಕರೆಯುತ್ತಿರಲಿಲ್ಲ. ಗಾಜು ಎಂದ ಮೇಲೆ ಗಾಜೇ ಅಲ್ಲವೆ ಎಂದು ವಿಚಾರ ಮಾಡಿದೆ. ಆದರೆ ಗ್ಯಾಸು ಬಂದ ಮೇಲೆ ನಮ್ಮ ಮನೆಯಲ್ಲಿ ಬೂದಿ ಎಲ್ಲಿಯದು? ಸುತ್ತ ನೋಡಿದೆ. ದೇವರ ಜಗುಲಿಯ ಮೇಲೆ ವಿಭೂತಿ ಗಟ್ಟಿ ಇತ್ತು. ಬೂದಿಯಲ್ಲಿ ಅದಕ್ಕಿಂತ ನುಣುಪಾದದ್ದು, ಅದಕ್ಕಿಂತ ಶುದ್ಧವಾದದ್ದು ಈ ಲೋಕದಲ್ಲಿಲ್ಲ. ಕೈಕಾಲು ತೊಳೆದುಕೊಂಡು, ಮನಸ್ಸಿನಲ್ಲೇ ಶಿವನ ಅಪ್ಪಣೆ ಪಡೆದು, ಒಂದು ಚೂರು ಕೆರೆದು, ಒದ್ದೆ ಅರಿವೆಗೆ ಹಚ್ಚಿ, ಮೇಲಿನಿಂದ ಕೆಳಗಿನವರೆಗೆ, ಅಂಚು ಅಂಚನ್ನೂ ಬಿಡದೆ ತಿಕ್ಕಿದೆ. ಫೋನು ಹೊಳೆಯಿತು. ಮಹಾದೇವಿ ಬಂದು ನೋಡಿ, ಇದೇನು ಹೊಸದಾಗಿ ಕಾಣುತ್ತಿದೆ ಎಂದಳು. ನಾನು ಮುಗುಳ್ನಕ್ಕೆ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಹಾಗೆ ನಗುವ ಅವಕಾಶಗಳು ಹೆಚ್ಚು ಬಂದಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನ ಫೋನು ಬಂತು. ಅಕ್ಕನ ದನಿ ಬರಲಿಲ್ಲ. ಬರಲಿಲ್ಲ ಎಂದರೆ ತಪ್ಪಾದೀತು. ಬಾವಿಯ ತಳದಲ್ಲಿ ಕುಳಿತು, ಮೇಲೊಂದು ಕೌದಿ ಹೊದ್ದುಕೊಂಡು ಮಾತಾಡಿದಂತೆ ಬಂತು. ನೀಲಮ್ಮನವರ ದನಿ ಗೊತ್ತಿದ್ದವರಿಗೆ ಇದರ ಗಾಂಭೀರ್ಯ ತಿಳಿಯುತ್ತದೆ. ಅವರು ಹುಣಸಗಿಯಿಂದ ಫೋನಿಲ್ಲದೆಯೇ ಮಾತಾಡಬಹುದು ಎಂದು ನಾನು ಎಷ್ಟೋ ಸಲ ಅಂದುಕೊಂಡದ್ದಿದೆ. ಆ ಕಡೆಯವರಿಗೂ ನಮ್ಮ ದನಿ ಸರಿಯಾಗಿ ಕೇಳಿಸುತ್ತಿರಲಿಲ್ಲವೆಂದು ತೋರುತ್ತದೆ. ನಾಲ್ಕು ಮಾತಾಡಿ ಇಟ್ಟುಬಿಟ್ಟರು. ಮಹಾದೇವಿ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ನನ್ನ ಕಡೆ ತಿರುಗಿದಳು.

"ಅಕ್ಕ ಸಿಟ್ಟಾಗ್ಯಾಳ್ರಿ" ಎಂದಳು.

ಸಿಟ್ಟಿಗೆ ಕಾರಣ ಬೇಕಲ್ಲ. ಮಧ್ಯಾಹ್ನದೊಳಗೆ ಅವಳೇ ಮೂರು ಹುಡುಕಿದಳು. ಪಂಚಮಿಗೆ ಕಳಿಸಿದ ಶೇಂಗಾ ಉಂಡಿ ಗಟ್ಟಿಯಾಗಿದ್ದವು. ಅಕ್ಕನ ಸೊಸೆ ಬಂದಾಗ ಊಟಕ್ಕೆ ನಿಲ್ಲಿಸಿಕೊಳ್ಳಲಿಲ್ಲ. ಮೂರನೆಯದರಲ್ಲಿ ನನ್ನ ಹೆಸರಿತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಮರುದಿನವೂ ದನಿ ಹಾಗೆಯೇ. ಅಕ್ಕ ಅಷ್ಟು ಬಿಗಿಯಾಗಿ ಮಾತಾಡಿದರೆ ತಾನೂ ಬಿಗಿಯಾಗಿರಬಲ್ಲೆ ಎಂದು ಇವಳೂ ಚುಟುಕಾಗಿ ಮುಗಿಸಿದಳು. ನಾಲ್ಕನೆಯ ದಿನ ಅಲ್ಲಿಂದ ಫೋನು ಬರಲಿಲ್ಲ. ಇಲ್ಲಿಂದ ಹೋಗಲೂ ಇಲ್ಲ. ಅವ್ವ ತೀರಿಕೊಂಡ ಮೇಲೆ ಅಕ್ಕನೇ ತವರು ಎಂದುಕೊಂಡವಳು ಮಹಾದೇವಿ. ಈಗ ಬರೀ ರೊಟ್ಟಿ ಬಡಿಯುವ ಸಪ್ಪಳ. ಅದೂ ಎರಡೇ ಕೈಯದು.

ಆ ಫೋನಿಗೆ ಬೇರೆಯವರು ಯಾರೂ ಮಾಡುತ್ತಿರಲಿಲ್ಲವೆ, ಅವರ ದನಿಯೂ ಸಣ್ಣಗಿರಲಿಲ್ಲವೆ ಎಂದು ನೀವು ಕೇಳಬಹುದು. ಸಾಲ ಬೇಕೇ ಎಂದು ಕೇಳುವವರು ಮಾಡುತ್ತಿದ್ದರು. ಅವರ ದನಿ ಕಡಿಮೆಯಾಯಿತೆಂದು ಯಾರೂ ಮರುಗುವುದಿಲ್ಲ. ನಾನು ಮಾಡಿದರೆ ಅವಳು ಎತ್ತುವುದೇ ಇಲ್ಲ.

ಐದನೆಯ ದಿನ ಫೋನನ್ನು ಬೆಳಕಿಗೆ ಹಿಡಿದೆ. ಮೇಲೂ ಕೆಳಗೂ ಇರುವ ಸಣ್ಣ ಸಣ್ಣ ತೂತುಗಳು, ಕರ್ರಗಿರಬೇಕಾದವು, ಬೆಳ್ಳಗಿದ್ದವು. ಹೇಳಿಬಿಡಬೇಕೆಂದು ಅಡುಗೆಮನೆಯ ಬಾಗಿಲವರೆಗೆ ಹೋದೆ. ಅವಳು ನೋಡಿದಳು. ನೀರು ಕೇಳಿ, ಕುಡಿದು, ವಾಪಸು ಬಂದೆ.

ತಪ್ಪು ಒಪ್ಪಿಕೊಳ್ಳಲು ಧೈರ್ಯ ಸಾಲದ ಗಂಡಸು ಏನನ್ನಾದರೂ ಕೊಂಡು ತರುತ್ತಾನೆ. ಕಚೇರಿ ಕೆಲಸದ ಮೇಲೆ ಶಹಾಪುರಕ್ಕೆ ಹೋಗಿದ್ದೆ. ಅಲ್ಲೊಂದು ಮೊಬೈಲ್ ಅಂಗಡಿಯಲ್ಲಿ, ಫೋನು ಸ್ವಚ್ಛ ಮಾಡಲು ಎಲ್ಲಕ್ಕಿಂತ ಒಳ್ಳೆಯದು ಏನಿದೆಯೋ ಅದನ್ನು ಕೊಡಿ ಎಂದೆ. ಅಂಗಡಿಯವನು ಒಂದು ಡಬ್ಬಿಯೊಳಗಿಂದ ಇನ್ನೊಂದು ಡಬ್ಬಿ, ಅದರೊಳಗಿಂದ ಒಂದು ಲಕೋಟೆ, ಲಕೋಟೆಯೊಳಗಿಂದ ಬೂದುಬಣ್ಣದ ಅಂಗೈಯಗಲದ ಅರಿವೆ ತೆಗೆದ. ಇದರ ಒಂದು ಎಳೆ ಕೂದಲಿನ ನೂರನೆಯ ಪಾಲು ಎಂದು ಹೇಳಿದ. ಅಳೆದು ನೋಡಲು ನನ್ನ ಹತ್ತಿರ ಏನೂ ಇರಲಿಲ್ಲ. ಮುನ್ನೂರೈವತ್ತು ಕೊಟ್ಟೆ. ನನ್ನ ಮದುವೆಯ ಧೋತರಕ್ಕೂ ಅಷ್ಟಾಗಿರಲಿಲ್ಲ, ಮತ್ತು ಅದರಲ್ಲಿ ನನ್ನಂಥ ಇಬ್ಬರು ಹಿಡಿಯುತ್ತಿದ್ದರು.

ಅರಿವೆಯ ಜೊತೆ ಒಂದು ನಿಯಮಾವಳಿ ಬಂತು. ಸೋಡಾ, ಬಿಸಿನೀರು ಮುಟ್ಟಿಸಬಾರದು. ನೆರಳಿನಲ್ಲಿ ಒಣಗಿಸಬೇಕು. ಬೇರೆ ಬಟ್ಟೆಗಳ ಜೊತೆ ಇಡಬಾರದು. ಓದಿ ಹೇಳಿದಾಗ ಮಹಾದೇವಿ, ತನ್ನನ್ನು ಬಾಣಂತನದಲ್ಲಿಯೂ ಇಷ್ಟು ಜೋಪಾನ ಮಾಡಿದವರಿಲ್ಲ ಎಂದಳು. ಹೊಲಸಾದೀತೆಂದು ಅದನ್ನು ಬೀರುವಿನಲ್ಲಿಟ್ಟು, ಫೋನನ್ನು ಸೆರಗಿನಿಂದಲೇ ಒರೆಸತೊಡಗಿದಳು. ಅವಳಿಲ್ಲದಾಗ ನಾನೊಂದು ಪರೀಕ್ಷೆ ಮಾಡಿದೆ. ನನ್ನ ಫೋನಿನ ಅರ್ಧ ಗಾಜನ್ನು ಮುನ್ನೂರೈವತ್ತರ ಅರಿವೆಯಿಂದ, ಇನ್ನರ್ಧವನ್ನು ಕನ್ನಡಕದ ಡಬ್ಬಿಯಲ್ಲಿ ಪುಕ್ಕಟೆ ಬಂದ ತುಂಡಿನಿಂದ ಒರೆಸಿ ಕಿಟಕಿಗೆ ಹಿಡಿದೆ. ಯಾವ ಅರ್ಧ ಯಾವುದೆಂದು ಐದು ನಿಮಿಷದ ನಂತರ ನನಗೇ ಗೊತ್ತಾಗಲಿಲ್ಲ. ಅಕ್ಕನ ದನಿಯಂತೂ ಯಾವ ಅರಿವೆಯಿಂದಲೂ ಬರುವಂತಿರಲಿಲ್ಲ.

ಎಂಟನೆಯ ದಿನ ಮಹಾದೇವಿಯೇ, ಇದರಲ್ಲೇ ಏನಾದರೂ ಕೆಟ್ಟಿದೆಯೋ ಏನೋ ತೋರಿಸೋಣ ಎಂದಳು. ಆ ಮಾತಿನಲ್ಲಿ ಎಷ್ಟು ಆಸೆಯಿತ್ತೆಂದರೆ ಬೇಡ ಎನ್ನಲು ಬಾಯಿ ಬರಲಿಲ್ಲ. ಬಜಾರಿನಲ್ಲಿ ಮೆಹಬೂಬನ ಅಂಗಡಿಗೆ ಹೋದೆವು. ಅವನು ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು. ಈಗಲೂ ಯಾವ ಯಂತ್ರ ಕೊಟ್ಟರೂ ಮೊದಲು ಕಿವಿಗೆ ಹಿಡಿಯುತ್ತಾನೆ. ಫೋನನ್ನು ಬಂದ್ ಮಾಡಿ, ಕರಿ ರಬ್ಬರಿನ ಹಾಳೆಯ ಮೇಲಿಟ್ಟು, ಮೆತ್ತನೆಯ ಒಣ ಕುಂಚದಿಂದ ತೂತುಗಳನ್ನು ಮೆಲ್ಲಗೆ ಝಾಡಿಸಿದ. ಕರಿ ಹಾಳೆಯ ಮೇಲೆ ಬಿಳಿ ಪುಡಿ ಉದುರಿತು. ಜೋಳದ ಹಿಟ್ಟಿರಬೇಕು ಎಂದು ಮಹಾದೇವಿ ನಾಚಿಕೊಂಡಳು. ನಾನು ತುಸು ಉಸಿರಾಡಿದೆ. ಮೆಹಬೂಬ ಪುಡಿಯನ್ನು ಬೆರಳಿನಲ್ಲಿ ಹೊಸಕಿ, ಮೂಸಿ ನೋಡಿದ.

"ಹಿಟ್ಟಲ್ರಿ ಅಮ್ಮಾರ, ಇದು ವಿಭೂತಿ."

ಮಹಾದೇವಿ ನನ್ನ ಹಣೆ ನೋಡಿದಳು. ಅಲ್ಲಿ ಮೂರು ಗೆರೆಗಳು, ಸಹಿ ಮಾಡಿದಂತೆ, ಅಚ್ಚುಕಟ್ಟಾಗಿದ್ದವು.

"ಹಚ್ಚಾಕ ಹಣಿ ಒಂದು ಸಾಲಲಿಲ್ಲೇನ್ರಿ ನಿಮಗ?"

ಕಂದೀಲು, ಅಜ್ಜಿ, ಬೂದಿ ಎಲ್ಲವನ್ನೂ ಅಲ್ಲಿಯೇ ನಿಂತು ಹೇಳಿದೆ. ಕೇಳುತ್ತ ಕೇಳುತ್ತ ಅವಳ ಮುಖದಲ್ಲಿ ಸಿಟ್ಟಿಗಿಂತ ಮೊದಲು ಬೇರೆ ಏನೋ ಬಂತು: ಅಕ್ಕ ಸಿಟ್ಟಾಗಿರಲಿಲ್ಲ. ಸಿಟ್ಟು ಆಮೇಲೆ, ತನ್ನ ಸರದಿಗೆ ಬಂತು. ಮೆಹಬೂಬ ಬಹಳ ಮರ್ಯಾದೆಯಿಂದ ನನಗೆ ಬುದ್ಧಿ ಹೇಳಿದ. ಫೋನಿನ ಗಾಜಿಗೆ ಮೇಲೊಂದು ಕಾಣದ ಲೇಪ ಇರುತ್ತದೆ. ಬೂದಿ, ಹಲ್ಲಿನ ಪೇಸ್ಟು, ಪಾತ್ರೆಯ ಪುಡಿ ಅದನ್ನು ತಿಂದುಹಾಕುತ್ತವೆ. ಬಂದ್ ಮಾಡಿ, ಮೆತ್ತನೆಯ ಅರಿವೆಯ ಒಂದು ಮೂಲೆ ತುಸು ಒದ್ದೆ ಮಾಡಿ, ಹಿಂಡಿ, ತೂತುಗಳಿಗೆ ನೀರು ತಾಗದಂತೆ ಒರೆಸಿದರೆ ಆಯಿತು. ದುಬಾರಿ ಅರಿವೆ ತರಬೇಕೇ ಎಂದು ನಾನು ದನಿ ತಗ್ಗಿಸಿ ಕೇಳಿದೆ. "ಕನ್ನಡಕದ ಡಬ್ಬಿಯಾಗಿಂದು ಸಾಕ್ರಿ ಸಾಹೇಬ್ರ. ತೊಳಕೊಂತ ಇರ್ರಿ, ಅಷ್ಟ" ಎಂದ.

ಮಹಾದೇವಿ ಅಲ್ಲಿಂದಲೇ ಹುಣಸಗಿಗೆ ಫೋನು ಹಚ್ಚಿದಳು. ಜೋರು ದನಿಯಲ್ಲಿ. ನಾನು ಪಕ್ಕದಲ್ಲಿದ್ದೇನೆಂದು ಹೇಳಲಿಲ್ಲ. ಮರೆತಳೆಂದು ನಾನು ನಂಬುವುದಿಲ್ಲ. ಅಕ್ಕನ ದನಿ ಬಜಾರಿಗೆಲ್ಲ ಹರಡಿತು.

"ಯವ್ವಾ, ಈಗ ಚೊಲೊ ಕೇಳಾಕತ್ತೈತಿ ನೋಡು. ನೀ ಸಣ್ಣಗ ಮಾತಾಡಿದ್ದಕ್ಕ ನಿನ ಗಂಡ ಬಾಜೂಕ ಕುಂತು ಕೇಳಾಕತ್ತಾನಂತ ತಿಳಕೊಂಡಿದ್ನಿ. ಅದಕ್ಕ ನಾನೂ ಸುಮ್ನ ಇಟ್ಟೆ. ಅಂವನ ಬಗ್ಗೆ ಹೇಳೂದು ಎಂಟು ದಿನದ್ದು ಉಳದೈತಿ."

ಮೆಹಬೂಬ ತಲೆ ಬಗ್ಗಿಸಿ ಒಂದು ಹಳೆಯ ಫೋನಿನ ತಿರುಪು ಬಿಚ್ಚತೊಡಗಿದ. ಉಳಿದಿದ್ದನ್ನೆಲ್ಲ ಅಕ್ಕ ಅಂದೇ ಮುಗಿಸಿದರು. ಆಮೇಲಿಂದ ದಿನಾ ಬೆಳಿಗ್ಗೆ ಹೊಸದನ್ನು ಹೇಳುತ್ತಾರೆ. ಪಡಸಾಲೆಯಲ್ಲಿ ಕುಳಿತ ನನಗೆ ಒಂದಕ್ಷರ ಬಿಡದೆ ಕೇಳಿಸುತ್ತದೆ. ನಾನು ಕುಳಿತುಕೊಳ್ಳುವ ರೀತಿ, ನನ್ನ ಕೆಮ್ಮು, ನನ್ನ ಪಿಂಚಣಿಯ ಮೇಲೆ ಭರವಸೆ ಇಡಬಹುದೇ ಎಂಬ ಪ್ರಶ್ನೆ. ಎಂಟು ದಿನ ನನ್ನ ಮಾನವನ್ನು ಆ ಚಿಟಿಕೆ ವಿಭೂತಿ ಕಾಯ್ದಿತ್ತು ಎಂದು ಈಗ ತಿಳಿಯುತ್ತಿದೆ. ಅದನ್ನು ಝಾಡಿಸಲು ಕುಂಚದವನಿಗೆ ದುಡ್ಡು ಕೊಟ್ಟವನೂ ನಾನೇ.