ಮೇಜು ಜಾರಬೇಕು, ನವಿಲು ಮುರಿಯಬಾರದು

ನನ್ನಂಥ ಕನಸುಣಿಯ ಮರಗೆಲಸದ ಅಂಗಡಿಯಲ್ಲಿ ವಾರಕ್ಕೊಂದಾದರೂ ಇಂಥದ್ದು ನಡೆಯದಿದ್ದರೆ, ಆ ವಾರ ಅಂಗಡಿ ಬಾಗಿಲೇ ತೆಗೆದಿಲ್ಲವೆಂದು ಲೆಕ್ಕ.

ಶ್ರೀರಂಗಪಟ್ಟಣದಲ್ಲಿ ನನ್ನದೊಂದು ಸ್ಕ್ರೋಲ್ ಸಾ ಮಿಷನ್ನಿದೆ. ಎಳೆಯಂಥ ಗರಗಸ ನಿಂತಲ್ಲೇ ಮೇಲೆ ಕೆಳಗೆ ಆಡುತ್ತದೆ; ನಾವು ಕಬ್ಬಿಣದ ಮೇಜಿನ ಮೇಲೆ ಹಲಗೆಯನ್ನು ತಿರುಗಿಸುತ್ತಾ ಹೂವು, ಬಳ್ಳಿ ಕೊರೆಯಬೇಕು. ಮೇಜು ನುಣುಪಾಗಿದ್ದರೆ ಹಲಗೆ ತೇಲುತ್ತದೆ. ಕಣ್ಣು ಗೆರೆಯ ಮೇಲಿರುತ್ತದೆ, ಮನಸ್ಸು ಮಾತ್ರ ಯಾವಾಗಲೋ ಹೊಳೆ ದಾಟಿರುತ್ತದೆ. ಅದಕ್ಕಿಂತ ಸುಖ ನಾನು ಕಂಡಿಲ್ಲ.

ಈ ಮಳೆಗಾಲದಲ್ಲಿ ಮೇಜಿಗೆ ತುಕ್ಕು ಹಿಡಿಯಿತು. ಅದೇ ಹೊತ್ತಿಗೆ ಕ್ಯಾತನಹಳ್ಳಿಯ ಗೌಡರೊಬ್ಬರು ತೀರಿಹೋದ ತಾಯಿಯ ಮಂಚದ ತೇಗದ ಹಲಗೆ ತಂದರು. ದೇವರ ಮನೆ ಬಾಗಿಲಿಗೆ ಅದರಲ್ಲಿ ನವಿಲು ಕೊರೆಯಬೇಕಿತ್ತು.

"ಆಚಾರ್ರೇ, ಇರಾದು ಇದೊಂದೇ ಹಲ್ಗೆ. ನವಿಲ್ ಕತ್ತು ಮುರುದ್ರೆ ನಮ್ಮವ್ವನ್ನ ಇನ್ನೊಂದ್ಸಲ ಕಳ್ಕೊಂಡಂಗೆ."

ತುಕ್ಕಿನ ಮೇಜಿನಲ್ಲಿ ಹಲಗೆ ತಡೆದು ತಡೆದು ಹೋದರೆ ಮೊದಲು ಮುರಿಯುವುದು ಆ ಸಣ್ಣ ಕತ್ತೇ. ನನಗೆ ಭಯ ಹತ್ತಿತು.

೧. ಎಣ್ಣೆ

ಉಪ್ಪುಕಾಗದದಲ್ಲಿ ತುಕ್ಕು ಉಜ್ಜಿ, ಕೊಬ್ಬರಿ ಎಣ್ಣೆ ಸವರಿ, ಚೂರು ಹಲಗೆಯೊಂದನ್ನು ಇಟ್ಟು ನೋಡಿದೆ. ಮೊದಮೊದಲು ಜಾರಿತು. ಆಮೇಲೆ ಮರದ ಪುಡಿಯೆಲ್ಲ ಎಣ್ಣೆಯಲ್ಲಿ ಕಲಸಿಕೊಂಡು ಹಿಟ್ಟಾಯಿತು. ಹಲಗೆ ಎಣ್ಣೆ ಕುಡಿದು ಕರ್ರಗಾಯಿತು.

ಅಪ್ಪ ಬಂದ. ಬಾಳೆಲ್ಲ ಉಳಿಯಲ್ಲೇ ಕೆತ್ತಿದವನು, ನನ್ನ ಮಿಷನ್ನನ್ನು ಬೆರಳಿನಲ್ಲೂ ಮುಟ್ಟಿದವನಲ್ಲ. ಅವತ್ತು ಮಾತ್ರ ಬೆರಳಲ್ಲಿ ಹಿಟ್ಟು ತೆಗೆದು ನೋಡಿದ.

"ತಂಬಿಟ್ಟು ಚೆನ್ನಾಗ್ ಕಲ್ಸಿದ್ದೀಯ ಕಣ್ಲಾ. ಒಂಚೂರು ಬೆಲ್ಲ ಆಕು."

೨. ಪೌಡರು

ಎಣ್ಣೆ ಒರೆಸಿ ಹೆಂಡತಿಯ ಮುಖದ ಪೌಡರು ಉದುರಿಸಿದೆ. ಆಹಾ, ಎಂಥ ಜಾರಿಕೆ! ಊಟದ ಹೊತ್ತಿನವರೆಗೂ ಚೂರು ಹಲಗೆಗಳಲ್ಲಿ ಬರೀ ಮೋಡಗಳನ್ನೇ ಕೊರೆಯುತ್ತಾ ಕೂತಿದ್ದೆ. ಪೌಡರು ಹಾರಿಹೋಗುತ್ತಿದ್ದ ಹಾಗೆ ಮತ್ತೆ ಮತ್ತೆ ಉದುರಿಸಿದೆ. ಡಬ್ಬಿ ಖಾಲಿಯಾದಾಗ ಎದ್ದು ಮನೆಗೆ ಹೋದೆ.

ಹೆಂಡತಿ ಮೂಸಿದಳು. "ಎಲ್ಲಿದ್ರಿ?"

"ಅಂಗ್ಡೀಲಿ."

"ಜತೇಲಿ ಯಾರು?"

"ಮಿಷನ್ನು."

"ಅವಳ್ಗೆ ನನ್ ಪೌಡರೇ ಬೇಕಾಗಿತ್ತಾ?"

೩. ಮೇಣ

ಕೊನೆಗೆ ಮೇಣದಬತ್ತಿ ಉಜ್ಜಿ, ಅಂಟು ಪೂರ್ತಿ ಹೋಗುವವರೆಗೂ ಬಟ್ಟೆಯಲ್ಲಿ ತಿಕ್ಕಿದೆ. ಮರುದಿನ ಆಯುಧಪೂಜೆ. ಅಪ್ಪ ಮೇಜಿನ ಮೇಲೆ ತೆಂಗಿನಕಾಯಿ ಇಟ್ಟ, ಜಾರಿ ಬಿತ್ತು. ಕುಂಕುಮದ ಬಟ್ಟಲಿಟ್ಟ, ಅದೂ ಹೊರಟಿತು. ನಿಂಬೆಹಣ್ಣಂತೂ ಬಾಗಿಲು ದಾಟಿ ಬೀದಿಗೇ ಹೋಯಿತು.

"ದೇವ್ರು ಒಪ್ತಿಲ್ಲ ಕಣ್ಲಾ!" ಎಂದು ಅಪ್ಪ ಗದರಿದ.

ಪೂಜೆಗೆ ಬಂದಿದ್ದ ಗೌಡರ ಮುಖ ಮಾತ್ರ ಅರಳಿತು. "ತೆಂಗಿನ್ಕಾಯೇ ನಿಲ್ನಿಲ್ಲ ಅಂದ್ಮೇಲೆ ನಮ್ ಹಲ್ಗೆ ಎಲ್ಲಿ ತಡೆದದು? ನಾಳೆನೇ ಕೊರ್ದ್ಬುಡಿ ಆಚಾರ್ರೇ."

೪. ನವಿಲು

ಮಾರನೇ ದಿನ ಗೌಡರು ಎದುರಿಗೇ ಕೂತರು. ಗರಿ ಬಂತು, ಕಾಲು ಬಂತು. ಕತ್ತಿಗೆ ಬಂದಾಗ ಗೌಡರ ಮಾತು ನೆನಪಾಯಿತು. ಮಿಷನ್ನು ನಿಲ್ಲಿಸಿಬಿಟ್ಟೆ.

"ಏಳ್ಲಾ ಮ್ಯಾಕೆ," ಎಂದು ನನ್ನನ್ನು ಎಬ್ಬಿಸಿ ಅಪ್ಪ ಕೂತ. ನನ್ನ ಕೈಲೇ ಮಿಷನ್ನು ಚಾಲೂ ಮಾಡಿಸಿ, ಎರಡು ಬೆರಳಲ್ಲಿ ಮೆಲ್ಲಗೆ ತಳ್ಳಿದ. ಹಲಗೆ ಹೋಯಿತು. ಅಪ್ಪನ ಮುಖ ಸಡಿಲವಾಯಿತು. ಕತ್ತು ಬಂತು, ಕೊಕ್ಕು ಬಂತು, ತಲೆಯ ಜುಟ್ಟೂ ಬಂತು. ಗೌಡರು ಹಲಗೆ ಸವರಿ, "ಅವ್ವಾ" ಅಂದು ಕಣ್ಣೊರೆಸಿಕೊಂಡರು.

ಗೌಡರು ನವಿಲನ್ನು ಎದೆಗವಚಿಕೊಂಡು ಹೋದರು. ಅಪ್ಪ ಮಾತ್ರ ಏಳಲಿಲ್ಲ.

"ಇನ್ನೊಂದ್ ಹಲ್ಗೆ ಕೊಡ್ಲಾ."

ಕೊಟ್ಟೆ. ಗಿಣಿ ಬಂತು. ಮತ್ತೊಂದು ಕೊಟ್ಟೆ, ಹಂಸ ಬಂತು. ಅಪ್ಪ ಎಲ್ಲಿಗೋ ತೇಲಿಹೋಗಿದ್ದ. ನೋಡುತ್ತಾ ನಾನೂ ತೇಲಿದೆ. ಅಂಗಡಿಯ ಚೂರು ಹಲಗೆಗಳೆಲ್ಲ ಮುಗಿದವು. ಅಪ್ಪ ಎದ್ದು ಮನೆಗೆ ಹೋಗಿ ಬಂದದ್ದೂ ನನಗೆ ಗೊತ್ತಾಗಲಿಲ್ಲ.

ಸಂಜೆ ಹೆಂಡತಿ ಬಂದಳು. "ಚಪಾತಿ ಮಣೆ ಕಂಡ್ರಾ?"

ಮಣೆ ಮಿಷನ್ನಿನ ಮೇಲಿತ್ತು. ಅದರ ನಟ್ಟನಡುವೆ ಗಿಣಿಯ ಆಕಾರದ ತೂತು.

"ಮಾವ! ಚಪಾತಿ ಎಲ್ಲಿ ಲಟ್ಟಿಸ್ಲಿ?"

ಅಪ್ಪ ತಲೆಯನ್ನೂ ಎತ್ತಲಿಲ್ಲ. "ಇವತ್ತು ಮುದ್ದೆ ಕಟ್ಬುಡವ್ವ."

ಹೆಂಡತಿ ಮುದ್ದೆಕೋಲು ಬಚ್ಚಿಡಲು ಮನೆಗೆ ಓಡಿದಳು.